ಬೇಟೆ ಹೋಯ್ತು, ನಾಯಿಯಾದರೂ ಉಳೀಲಿ!

ಮೊನ್ನೆ ರವಿವಾರ ಬೆಳಿಗ್ಗೆ ದೇವದುರ್ಗದ ಬಸ್ಸು. ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ಗದ್ದಲ ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಬಾಗಿಲ ಬಳಿ ಇನ್ನೊಂದು ಗದ್ದಲ ಶುರುವಾಯಿತು. ಇಪ್ಪತ್ತರ ಹುಡುಗನೊಬ್ಬ ಉಳ್ಳಾಗಡ್ಡಿ ಬುಟ್ಟಿ ಎದೆಗವಚಿಕೊಂಡು ಹತ್ತಿದ್ದ. ಮೇಲೆ ಮುಚ್ಚಿದ್ದ ಟವೆಲ್ ಅಲ್ಲಾಡಿತು. ಸಪೂರ ಮೂತಿಯೊಂದು ಹೊರಗೆ ಇಣುಕಿತು.

"ಏನಪ್ಪಾ ಅದು?" ಕಂಡಕ್ಟರ್ ಕೇಳಿದರು.

"ನಾಯಿಮರಿ ರೀ."

"ಇಳಸು, ಇಳಸು."

"ಸಾದಾ ನಾಯಿ ಅಲ್ರೀ, ಮುಧೋಳ ರೀ!"

"ಮುಧೋಳದ್ದಾದ್ರೇನು, ಮೈಸೂರಿಂದಾದ್ರೇನು? ಬಸ್ಸಿನ್ಯಾಗ ನಾಯಿ ಅಂದ್ರ ನಾಯೀನೇ!"

ಬಸ್ಸಿಗೆ ಬಸ್ಸೇ ನಕ್ಕಿತು. ಕೊನೆಗೆ ಹಿಂದಿನ ಸೀಟಿನಲ್ಲಿ ಕೂತಿದ್ದ ರುಮಾಲಿನ ಮುದುಕರೊಬ್ಬರು, "ಕೊಡು ತಮ್ಮಾ, ನನ್ನ ಕಾಲಾಗ ಇಟ್ಕೋತೀನಿ. ಯಾರಿಗೂ ಕಾಟ ಆಗಂಗಿಲ್ಲ, ಕಂಡಕ್ಟರ್ ಸಾಹೇಬ್ರ" ಅಂದರು. ಕಂಡಕ್ಟರ್ ಗೊಣಗುತ್ತಲೇ ಲಗೇಜ್ ಟಿಕೀಟು ಹರಿದು ಕೊಟ್ಟರು. ಬಸ್ಸು ಹೊರಟಿತು.

ಮುದುಕರು ಟವೆಲ್ ಸರಿಸಿ ಮರಿಯನ್ನು ಅಂಗೈ ಮೇಲೆ ಎತ್ತಿದರು. ಪಾದ ನೋಡಿದರು, ಹಲ್ಲು ನೋಡಿದರು, ಹೊಟ್ಟೆ ಒತ್ತಿ ನೋಡಿದರು. "ಎಷ್ಟು ದಿನದ್ದು?"

"ಮೂವತ್ತೈದು ದಿನ ಅಂದ್ರು ಮುತ್ಯಾ."

"ಇದರ ತಾಯೀನ ನೋಡಿದ್ಯೇನು?"

"ಇಲ್ಲ."

"ತಂದಿ?"

"ಇಲ್ಲ. ಫೋನಿನ್ಯಾಗ ಫೋಟೋ ಹಾಕಿದ್ರು."

"ಇದಕ್ಕೇನು ಕೆಲ್ಸ ಹಚ್ಚಾಂವ?"

ಹುಡುಗ ಅತ್ತಿತ್ತ ನೋಡಿ ದನಿ ಇಳಿಸಿದ. "ಬರೋ ಯುಗಾದಿಗೆ ಮೊಲಕ್ಕ ಬಿಡೋಣಂತ."

ಮುದುಕರು ಮಾತಾಡಲಿಲ್ಲ. ಮರಿಯನ್ನು ಬುಟ್ಟಿಗಿಟ್ಟು ಟವೆಲ್ ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: "ಮೂರು ತಪ್ಪು ಮಾಡೀಯಲ್ಲೋ ತಮ್ಮಾ. ತಾಯಿ ಹಾಲು ಬಿಡೂಕಿಂತ ಮೊದ್ಲ ಮರಿ ತಂದಿ. ತಾಯಿ ತಂದಿ ನೋಡದ ತಂದಿ. ಇನ್ನು ಮೊಲಕ್ಕ ಬಿಡ್ತೀನಿ ಅಂತಿ, ಅದಂತೂ ಜೈಲಿನ ಹಾದಿ."

ಓದುಗ ಮಹಾಶಯರೇ, ಆ ಮೂರು ತಪ್ಪುಗಳ ಬಗ್ಗೆಯೇ ಇವತ್ತಿನ ನಮ್ಮ ಮಾತು. ನಾಯಿ ಸಾಕುವವರು ಓದಲೇಬೇಕು. ಸಾಕದವರೂ ಓದಿ ನಷ್ಟವಿಲ್ಲ.

ಮುಧೋಳ ಎಲ್ಲಿ, ಮಾನ್ವಿ ಎಲ್ಲಿ?

ಮುಧೋಳ ಬಾಗಲಕೋಟೆ ಜಿಲ್ಲೆಯ ಊರು. ಅಲ್ಲಿನ ಸಂಸ್ಥಾನಿಕರಾಗಿದ್ದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಈ ನಾಯಿಯ ಮೇಲೆ ಮನಸ್ಸಿಟ್ಟು ತಳಿ ಬೆಳೆಸಿದರು. ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರು. ಊರಿನ ಹೆಸರು ನಾಯಿಗೆ ಗಟ್ಟಿಯಾಗಿ ಅಂಟಿಕೊಂಡಿತು.

ಆದರೆ ಆ ಹೆಸರು ಬರುವ ಮೊದಲೂ ನಾಯಿ ಇತ್ತು. ಹಳಬರು ಇದನ್ನು ‘ಕರವಾನಿ’ ಎನ್ನುತ್ತಾರೆ. ಕಾರವಾನ್ ಅಂದರೆ ವ್ಯಾಪಾರಿಗಳ ತಂಡ, ಕಾಫಿಲಾ. ಕುದುರೆ ವ್ಯಾಪಾರಿಗಳು, ಸಿಪಾಯಿಗಳು ಪಡುವಣ ದೇಶಗಳಿಂದ ದಖ್ಖನ್ನಿಗೆ ಬರುವಾಗ ಹಿಂದೆ ಬಂದ ನಾಯಿಗಳ ವಂಶ ಎಂದು ಹೇಳುವುದುಂಟು. ಕಿವಿ, ಬಾಲಕ್ಕೆ ರೇಷ್ಮೆಯಂಥ ಕೂದಲಿದ್ದರೆ ಅದು ‘ಪಶ್ಮಿ’. ಕೆನೆಲ್ ಸಂಘಗಳಲ್ಲೂ ಇಂದಿಗೂ ಒಂದು ಕಡೆ ಕಾರವಾನ್, ಇನ್ನೊಂದು ಕಡೆ ಮುಧೋಳ ಅಂತ ಎರಡು ಹೆಸರು ನಡೆದಿದೆ. ನಾಯಿ ಮಾತ್ರ ಒಂದೇ: ಕಣ್ಣಿಂದ ನೋಡಿ ಕಾಲಿಂದ ಹಿಡಿಯುವ ನಾಯಿ. ವಾಸನೆಗಿಂತ ನೋಟವನ್ನು ನಂಬುವ ಜಾತಿ.

ಕೃಷ್ಣೆ ತುಂಗಭದ್ರೆಯರ ನಡುವಿನ ನಮ್ಮ ಎರೆಹೊಲದ ಬಯಲಿಗೆ ಇದು ಹೇಳಿಮಾಡಿಸಿದ ಪ್ರಾಣಿ. ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಮಸ್ಕಿ ನಾಲ್ಕೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಂದರೆ ನಾಯಕ ಸಮಾಜದವರ, ಹಿಂದಿನ ಮಾತಿನಲ್ಲಿ ಬೇಡರ, ದಟ್ಟ ನೆಲೆ ಇದು. ಬೇಟೆ, ಕಾವಲು, ದಂಡು ಈ ಮನೆತನಗಳ ಹಿಂದಿನ ಕಸುಬು. 1857ರಲ್ಲಿ ಹತಾರ ಕಸಿಯುವ ಕಾಯಿದೆಗೆ ತಿರುಗಿಬಿದ್ದ ಹಲಗಲಿ ಬೇಡರ ಊರು ಇದೇ ಮುಧೋಳ ಸೀಮೆಯದು. ಅಂಥ ಮನೆಗಳಲ್ಲಿ ನಾಯಿ ಕಟ್ಟುವುದು ಶೋಕಿಯ ಮಾತಲ್ಲ, ಮನೆತನದ ಮಾತು.

ಕನ್ನಡ ನಾಡಿಗೆ ನಾಯಿಯ ಋಣವೂ ಹಳೆಯದು. ಮಂಡ್ಯ ಸೀಮೆಯ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದಿನ, ಸುಮಾರು ಕ್ರಿ.ಶ. 950ರ, ಒಂದು ಕಲ್ಲು ಸಿಕ್ಕಿದೆ. ಗಂಗರ ಬೂತುಗನಿಂದ ಮಣಲೇರನೆಂಬ ವೀರ ‘ಕಾಳಿ’ ಎಂಬ ಬೇಟೆನಾಯಿ ಪಡೆದ. ಅದು ಕಾಡುಹಂದಿಯ ಮೇಲೆ ಬಿದ್ದು, ಹಂದಿಯನ್ನು ಕೊಂದು, ತಾನೂ ಸತ್ತಿತು. ಆ ನಾಯಿಗಾಗಿ ಕಲ್ಲು ನಿಂತಿತು, ಭೂಮಿಯ ದತ್ತಿಯೂ ಬಂತು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಯಿದೆ ಎಷ್ಟು ಕಠಿಣ ಗೊತ್ತೇ?

ಕಾಳಿಯ ಕಾಲ ಬೇರೆ, ನಮ್ಮ ಕಾಲ ಬೇರೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಮೊದಲು ಕೆಲವು ಪ್ರಾಣಿಗಳಿಗೆ ಲೈಸೆನ್ಸು ಪಡೆದು ಬೇಟೆಯಾಡುವ ದಾರಿ ಇತ್ತು. 1991ರ ತಿದ್ದುಪಡಿ ಆ ಬಾಗಿಲನ್ನೂ ಹಾಕಿತು. ಕೃಷ್ಣಮೃಗದ ಮಾತಂತೂ ಬಿಡಿ. ಹೊಲದ ಬದುವಿನ ಮೊಲವೂ ಕಾಯಿದೆಯ ಪಟ್ಟಿಯಲ್ಲಿದೆ.

"ನಾವೇನು ಬಂದೂಕು ಹೊಡ್ದೀವೇನ್ರಿ? ನಾಯಿ ಓಡ್ತು, ಹಿಡೀತು" ಎನ್ನುವವರುಂಟು. ಇದು ಕೆಲಸಕ್ಕೆ ಬಾರದ ವಾದ. ಕಾಯಿದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥವನ್ನು ಬಿಡಿಸಿ ಬರೆದಿದ್ದಾರೆ. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ನಾಯಿ ಬಿಟ್ಟು ಬೆನ್ನಟ್ಟುವುದು, ಬಲೆ ಹಾಕುವುದು, ಸೋವುವುದು ಎಲ್ಲವೂ ಬೇಟೆಯೇ. ಇವಕ್ಕೆ ಮಾಡುವ ಪ್ರಯತ್ನವೂ ಬೇಟೆಯೇ. ಮೊಲ ತಪ್ಪಿಸಿಕೊಂಡು ಓಡಿಹೋದರೂ ನಾಯಿ ಬಿಟ್ಟವನು ತಪ್ಪಿಸಿಕೊಳ್ಳಲಾರ! 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಕ್ಕೇ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಕೃಷ್ಣಮೃಗದಂಥ ಮೊದಲ ಪಟ್ಟಿಯ ಪ್ರಾಣಿಯಾದರೆ ಮೂರು ವರ್ಷಕ್ಕೆ ಕಡಿಮೆ ಇಲ್ಲದ, ಏಳು ವರ್ಷದವರೆಗಿನ ಸಜೆ.

ಇದೆಲ್ಲಾ ಕಾಗದದ ಮೇಲಿನ ಮಾತು ಎಂದು ತಿಳಿಯಬೇಡಿ. 2025ರ ಯುಗಾದಿಯಲ್ಲಿ ನಮ್ಮದೇ ಜಿಲ್ಲೆಯ ತುರ್ವಿಹಾಳದಲ್ಲಿ ಬೇಟೆಯಾಡಿದ ಮೊಲಗಳನ್ನು ಹಿಡಿದು ಮೆರವಣಿಗೆ ಮಾಡಿದರೆಂದು ದೃಶ್ಯಗಳು ಮೊಬೈಲಿನಲ್ಲಿ ಹರಿದಾಡಿದವು. ಅರಣ್ಯ ಇಲಾಖೆ ಪ್ರಕರಣ ದಾಖಲಿಸಿತು. ಹಿಂದೆ ಊರ ಬೇಟೆ ಊರಿಗೆ ಮಾತ್ರ ಗೊತ್ತಾಗುತ್ತಿತ್ತು. ಈಗ ಪ್ರತಿಯೊಬ್ಬನ ಜೇಬಿನಲ್ಲೂ ಒಂದು ಕ್ಯಾಮೆರಾ. ಹಬ್ಬದ ಹುಮ್ಮಸ್ಸಿನಲ್ಲಿ ತಾನೇ ತೆಗೆದ ಚಿತ್ರ ತನ್ನ ಮೇಲೇ ಸಾಕ್ಷಿ ಹೇಳುತ್ತದೆ.

ನೀರು ಬಂತು, ಬಯಲು ಹೋಯ್ತು

ಬಸ್ಸಿನ ಮುದುಕರು ದೇವದುರ್ಗದ ಹತ್ತಿರದ ಹಳ್ಳಿಯವರು. "ಬರ್ರಿ ಪೇಪರ್‌ನವ್ರೇ, ಒಮ್ಮೆ ನಮ್ಮ ಹೊಲಕ್ಕ ಬರ್ರಿ, ನಾಯಿ ತೋರಿಸ್ತೀನಿ" ಎಂದು ಕರೆದರು. ನಾಲ್ಕು ದಿನ ಬಿಟ್ಟು ಹೋದೆವು.

ಜಾಲಿ ಗಿಡದ ನೆರಳು. ಕಂದು ಬಣ್ಣದ ಹೆಣ್ಣುನಾಯಿ ಎದ್ದು ನಿಂತಿತು. ಎರಡಡಿಗೂ ಎತ್ತರ, ಉದ್ದ ಮೂತಿ, ತಗ್ಗಿಗಿಳಿದ ಎದೆ, ಬೆನ್ನಿಗೆ ಅಂಟಿದ ಹೊಟ್ಟೆ. ಬಾಲ ಅಲ್ಲಾಡಿಸಲಿಲ್ಲ, ಬೊಗಳಲೂ ಇಲ್ಲ. ನಮ್ಮನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಲೆಕ್ಕಕ್ಕಿಲ್ಲದವರು ಎಂದು ತೀರ್ಮಾನಿಸಿ ಮತ್ತೆ ಮಲಗಿತು.

"ಕಾಯಿದೆಗಿಂತ ಮೊದ್ಲ ನಮ್ಮ ಬೇಟಿ ನಿಲ್ಸಿದ್ದು ನೀರು ರೀ" ಎಂದರು ಯಜಮಾನರು. ಅವರ ಬೀಗರು ಮಾನ್ವಿ ಕಡೆಯವರು. ಹಿಂದೆ ಅಲ್ಲಿ ಜೋಳ, ಹತ್ತಿ, ಕುಸುಬೆ. ಸುಗ್ಗಿ ಮುಗಿದರೆ ಕಣ್ಣು ಹಾಯುವಷ್ಟು ದೂರ ಬಟಾಬಯಲು. ನಾಯಿ ಓಡಿದರೆ ಬೇಲಿ ಇಲ್ಲ, ಗುಂಡಿ ಇಲ್ಲ. 1953ರಲ್ಲಿ ತುಂಗಭದ್ರಾ ಆಣೆಕಟ್ಟಿನಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ದಾಟಿ ಮಾನ್ವಿಗೆ ಬಂತು. ಜೋಳದ ಹೊಲ ನೆಲ್ಲಿನ ಗದ್ದೆಯಾಯಿತು. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ ಬಂತು. ರೈತನ ಹೊಟ್ಟೆ ತುಂಬಿತು. ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಕೆಸರು ಗದ್ದೆಯಲ್ಲಿ ಯಾವ ಬೇಟೆನಾಯಿ ಓಡೀತು?

ಅಷ್ಟು ಸಾಲದೆಂದು ಈಗ ಮುಳ್ಳುತಂತಿ. ಈ ಜಾತಿಯ ನಾಯಿಗೆ ಚರ್ಮ ತೆಳು, ಮೈಮೇಲೆ ಕೊಬ್ಬಿಲ್ಲ, ಕೂದಲು ಗಿಡ್ಡ. ಕಣ್ಣು ದೂರದ ಗುರಿಯ ಮೇಲೆ ನೆಟ್ಟಿರುವಾಗ ಮುಂದಿನ ತಂತಿ ಅದಕ್ಕೆ ಕಾಣುವುದಿಲ್ಲ. ಯಜಮಾನರ ನಾಯಿಯ ಎದೆಯ ಮೇಲೆ ಒಂದು ಗೇಣುದ್ದದ ಹೊಲಿಗೆ ಗುರುತಿದೆ. ದನದ ದವಾಖಾನೆಯಲ್ಲಿ ಹಾಕಿಸಿದ ಹೊಲಿಗೆ.

ಹೀಗೆ ಕಾನೂನು ಒಂದು ಕಡೆಯಿಂದ, ಕಾಲುವೆ ಒಂದು ಕಡೆಯಿಂದ, ತಂತಿ ಇನ್ನೊಂದು ಕಡೆಯಿಂದ ಬಂದು ನಾಯಿಯ ಕಸುಬು ಕಿತ್ತುಕೊಂಡವು. ಕಸುಬಿಲ್ಲದ ನಾಯಿಯನ್ನು ಯಾರು ಸಾಕಬೇಕು? ಯಾಕೆ ಸಾಕಬೇಕು? ಇದೇ ಈಗಿನ ಪ್ರಶ್ನೆ.

ತಳಿ ಅಂದರೆ ಲೆಕ್ಕ

ಇಂಗ್ಲೆಂಡಿನಲ್ಲಿ ಬಡವರ ಬೇಟೆನಾಯಿಯೊಂದಿದೆ. ಹೆಸರು ಲರ್ಚರ್. ವೇಗದ ಗ್ರೇಹೌಂಡಿಗೆ ಕುರಿಕಾಯುವ ನಾಯಿ ಮುಂತಾದವನ್ನು ಕೂಡಿಸಿ ಹುಟ್ಟಿಸಿದ್ದು. ವೇಗ ಒಬ್ಬರದು, ಬುದ್ಧಿ ಒಬ್ಬರದು. ನಮ್ಮ ಕಡೆಯೂ ಕರವಾನಿಗೆ ಊರನಾಯಿ ಕೂಡಿದ ‘ಕ್ರಾಸ್’ ನಾಯಿಗಳು ಬೇಕಾದಷ್ಟಿವೆ. ಬಿಸಿಲು ತಾಳುತ್ತವೆ, ಮೂಗೂ ಚುರುಕು. ಅವನ್ನು ಕೀಳೆಂದು ನಾವು ಹೇಳುವುದಿಲ್ಲ. ಕ್ರಾಸ್ ಅನ್ನು ಕ್ರಾಸ್ ಎಂದೇ ಮಾರಿದರೆ ತಕರಾರಿಲ್ಲ. ‘ಪ್ಯೂರ್ ಮುಧೋಳ’ ಎಂದು ಮಾರುವುದು ಮಾತ್ರ ಮೋಸ. ಕಿರಾಣಿ ಅಂಗಡಿಯಲ್ಲಿ ಸೋನಾಮಸೂರಿ ಅಂತ ಹೇಳಿ ಬೇರೆ ಅಕ್ಕಿ ತೂಗಿದ ಹಾಗೆ!

ಯಜಮಾನರು ಒಳಗಿನಿಂದ ಒಂದು ಹಳೇ ನೋಟ್‌ಬುಕ್ ತಂದರು. ಅಂಗಡಿಯ ಉದ್ರಿ ಲೆಕ್ಕದ ಬುಕ್ಕಿನ ಹಾಗಿತ್ತು. ಅವರಿಗೆ ಅಕ್ಷರ ಬಾರದು. ಮಗಳ ಕೈಯಿಂದ ಬರೆಸಿದ್ದು. ಯಾವ ನಾಯಿ ಯಾವಾಗ ಬೆದೆಗೆ ಬಂತು, ಯಾವ ಊರಿನ ಗಂಡಿಗೆ ಕೂಡಿಸಿದ್ದು, ಎಷ್ಟು ಮರಿ, ಎಷ್ಟು ಉಳಿದವು, ಯಾರ ಮನೆಗೆ ಹೋದವು. "ಇದಿಲ್ಲಂದ್ರ ತಳಿ ಇಲ್ರಿ. ಅಣ್ಣ ತಂಗಿ, ತಂದಿ ಮಗಳು ಗೊತ್ತಾಗದಂಗ ಕೂಡಿಬಿಡ್ತಾವ. ಮುಂದ ಹುಟ್ಟಾವು ಸೊಟ್ಟ, ಸೊರಗು."

ಡಾಕ್ಟರುಗಳು ಹೇಳುವುದೂ ಇದನ್ನೇ. ಹತ್ತಿರದ ರಕ್ತ ಪದೇ ಪದೇ ಕೂಡಿದರೆ ಮರಿಗಳ ಸಂಖ್ಯೆ ಇಳಿಯುತ್ತದೆ, ರೋಗ ಹೆಚ್ಚುತ್ತದೆ. ಹೊಸ ಓದುಗರಿಗಾಗಿ ಮುಖ್ಯ ಲೆಕ್ಕಗಳು ಇಲ್ಲಿವೆ:

ಹೆಣ್ಣುನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಆದರೆ ಬಂದಾಗಲೆಲ್ಲಾ ಕೂಡಿಸುವುದು ಪಾಪ. 2017ರಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಮತ್ತು ಮಾರಾಟಕ್ಕೆ ನಿಯಮ ಮಾಡಿತು. ಹದಿನೆಂಟು ತಿಂಗಳು ತುಂಬದ ಹೆಣ್ಣಿಗೆ ಮರಿ ಹಾಕಿಸುವಂತಿಲ್ಲ. ವರ್ಷಕ್ಕೆ ಒಂದೇ ಸೂಲು. ಜೀವಮಾನಕ್ಕೆ ಐದಕ್ಕಿಂತ ಹೆಚ್ಚು ಸೂಲು ಬೇಡ. ಎಂಟು ವಾರ ತುಂಬುವ ಮುನ್ನ ಮರಿ ಮಾರುವಂತಿಲ್ಲ. ತಳಿ ವ್ಯಾಪಾರ ಮಾಡುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಬಸ್ಸಿನ ಹುಡುಗ ತಂದ ಮೂವತ್ತೈದು ದಿನದ ಮರಿ ಇನ್ನೂ ಮೂರು ವಾರ ತಾಯಿಯ ಹತ್ತಿರ ಇರಬೇಕಾಗಿತ್ತು.

ಗಬ್ಬ ಸುಮಾರು 63 ದಿನ. ಮರಿ ಕಣ್ಣು ಬಿಡುವುದು ಹತ್ತರಿಂದ ಹದಿನಾಲ್ಕು ದಿನಕ್ಕೆ. ಎರಡು ವಾರಕ್ಕೆ ಜಂತಿನ ಔಷಧ ಶುರು. ಆರರಿಂದ ಎಂಟು ವಾರಕ್ಕೆ ಪಾರ್ವೋ, ಡಿಸ್ಟೆಂಪರ್ ಲಸಿಕೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ಆಮೇಲೆ ಡಾಕ್ಟರು ಹೇಳಿದ ಹಾಗೆ ಮರುಲಸಿಕೆ. ಸಾವಿರಾರು ರೂಪಾಯಿ ಕೊಟ್ಟು ಮರಿ ತಂದು ಸೂಜಿಗೆ ಲೆಕ್ಕ ಹಾಕುವವರನ್ನು ಏನೆನ್ನಬೇಕೋ ನೀವೇ ಹೇಳಿ.

ಮರಿ ಆರಿಸುವ ಮೊದಲು ತಾಯಿಯನ್ನು ನೋಡಿ. ಯಜಮಾನರು ತಮ್ಮ ನಾಯಿಯ ಸೊಂಟದ ಮೇಲೆ ಬೆರಳಿಟ್ಟು ತೋರಿಸಿದರು. ಎರಡು ಎಲುಬುಗಳ ನಡುವೆ ನಾಲ್ಕು ಬೆರಳು ಹಿಡಿಸಬೇಕಂತೆ. ಎದೆ ಆಳ ಇರಬೇಕು. ಒಳಗೆ ದೊಡ್ಡ ಹೃದಯ, ದೊಡ್ಡ ಪುಪ್ಪುಸಕ್ಕೆ ಜಾಗ ಬೇಕು. ಪಾದದ ಬೆರಳು ಬಿಗಿಯಾಗಿ ಕೂಡಿರಬೇಕು. ಎಲ್ಲಕ್ಕಿಂತ ಮೇಲೆ ಗುಣ. ಅಂಜುಬುರುಕ ತಾಯಿಯ ಮರಿ ಅಂಜುತ್ತದೆ. ಅಂಜುವ ನಾಯಿಯೇ ಕಚ್ಚುವುದು.

ಓಟಕ್ಕೆ ಮೈ ಕಟ್ಟುವುದು

"ನಾಯಿ ಹುಟ್ಟಿದ್ದೇ ಓಡಾಕ, ಅದಕ್ಕೇನು ಕಲಿಸ್ತೀರಿ?" ಎಂದು ಕೇಳಿದೆವು. ಯಜಮಾನರು ನಕ್ಕರು. "ಪೈಲ್ವಾನನ ಮಗ ಹುಟ್ಟಿದ ದಿನಾನ ಕುಸ್ತಿ ಹಿಡಿತಾನೇನ್ರಿ?"

ಎಲುಬು ಬಲಿಯುವವರೆಗೆ, ಅಂದರೆ ವರ್ಷ ತುಂಬಿ ಎರಡು ಮೂರು ತಿಂಗಳಾಗುವವರೆಗೆ, ಮರಿಯನ್ನು ಜೋರಾಗಿ ಓಡಿಸಬಾರದು. ಅದು ತಾನೇ ಆಡಿಕೊಂಡು ಓಡಲಿ, ಸುಸ್ತಾದರೆ ಮಲಗಲಿ. ಆಮೇಲೆ ಹಗ್ಗ ಹಿಡಿದು ನಡಿಗೆ. ನಂತರ ಸೈಕಲ್ ಪಕ್ಕದಲ್ಲಿ ನಿಧಾನ ಓಟ. ಅದೂ ಡಾಂಬರಿನ ಮೇಲಲ್ಲ, ಮಣ್ಣಿನ ದಾರಿಯಲ್ಲಿ. ಕಾದ ಡಾಂಬರು ಪಾದ ಸುಡುತ್ತದೆ. ನಿಮ್ಮ ಅಂಗೈ ಹಿಂಭಾಗ ರಸ್ತೆಗಿಟ್ಟು ಐದು ಎಣಿಸುವಷ್ಟು ಹೊತ್ತು ತಡೆಯಲಾಗದಿದ್ದರೆ ನಾಯಿಗೂ ಆಗುವುದಿಲ್ಲ. ಜೋರು ಓಟ ವಾರಕ್ಕೆ ಎರಡು ಮೂರು ದಿನ ಸಾಕು. ಉಳಿದ ದಿನ ನಡಿಗೆ.

ಈ ನಾಯಿಗಳ ಓಟವೇ ಒಂದು ಬೆರಗು. ಒಂದೊಂದು ನೆಗೆತಕ್ಕೆ ನಾಲ್ಕೂ ಕಾಲು ಎರಡು ಸಲ ನೆಲ ಬಿಡುತ್ತವೆ. ಒಮ್ಮೆ ಮೈ ಚಾಚಿದಾಗ, ಒಮ್ಮೆ ಮುದುಡಿದಾಗ. ಇದೇ ಬಗೆಯ ಗ್ರೇಹೌಂಡು ಗಂಟೆಗೆ ಸುಮಾರು 70 ಕಿಲೋಮೀಟರ್ ಮುಟ್ಟುತ್ತದೆ. ನಮ್ಮ ದೇವದುರ್ಗದ ಬಸ್ಸು ಮುಟ್ಟುವುದು ನೀವೇ ಬಲ್ಲಿರಿ. ಆದರೆ ಅಷ್ಟು ವೇಗ ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಮೈ ಕುದಿಯುತ್ತದೆ.

ಇಲ್ಲೇ ರಾಯಚೂರಿನವರು ಎಚ್ಚರ ಇರಬೇಕು. ನಮ್ಮ ಬೇಸಿಗೆಯಲ್ಲಿ ಪಾರೆ 42 ದಾಟುವುದು ಹೊಸತಲ್ಲ. ನಾಯಿಗೆ ನಮ್ಮ ಹಾಗೆ ಮೈ ತುಂಬಾ ಬೆವರಿಲ್ಲ. ಏದುಸಿರೇ ಅದರ ಬೀಸಣಿಗೆ. ಆದ್ದರಿಂದ ಓಟ ಸೂರ್ಯ ಏಳುವ ಮೊದಲು, ಇಲ್ಲವೇ ಬಿಡಿ. ಜೊಲ್ಲು ದಪ್ಪಗಾಗಿ, ಒಸಡು ಕೆಂಪೇರಿ, ಹೆಜ್ಜೆ ತಡವರಿಸಿದರೆ ಬಿಸಿಲು ಹೊಡೆದಿದೆ ಅಂತ ಲೆಕ್ಕ. ತಕ್ಷಣ ನೆರಳಿಗೆ ತನ್ನಿ. ಸಾದಾ ನೀರು ಹೊಟ್ಟೆ, ತೊಡೆಸಂದಿಗೆ ಸುರಿಯುತ್ತಾ ಗಾಳಿ ಬೀಸಿ, ಕೂಡಲೇ ದವಾಖಾನೆಗೆ ಒಯ್ಯಿರಿ. ತಡಮಾಡಿದರೆ ನಾಯಿ ಉಳಿಯುವುದಿಲ್ಲ.

ಊಟ? ಬರೀ ಜೋಳದ ರೊಟ್ಟಿ, ಅಂಬಲಿಯಲ್ಲಿ ಓಟದ ಮೈ ಕಟ್ಟುವುದಿಲ್ಲ. ತತ್ತಿ, ಮಜ್ಜಿಗೆ, ಬೇಯಿಸಿದ ಮಾಂಸ ಕೂಡಬೇಕು. ಉಳ್ಳಾಗಡ್ಡಿ ಹಾಕಿದ ಸಾರು ಬೇಡ, ಅದು ನಾಯಿಯ ರಕ್ತ ಕೆಡಿಸುತ್ತದೆ. ದ್ರಾಕ್ಷಿ, ಚಾಕಲೇಟು ಬೇಡವೇ ಬೇಡ. ಬೇಯಿಸಿದ ಎಲುಬು ಚೂರಾಗಿ ಕರುಳಿಗೆ ಚುಚ್ಚುತ್ತದೆ. ಉಂಡ ತಕ್ಷಣ ಓಡಿಸಬಾರದು, ಓಡಿದ ತಕ್ಷಣ ಉಣಿಸಬಾರದು. ಆಳ ಎದೆಯ ನಾಯಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ಪಕ್ಕೆಲುಬು ಸ್ವಲ್ಪ ಕಾಣುವುದು ಈ ಜಾತಿಗೆ ಸಹಜ. ಆದರೆ ಬೆನ್ನೆಲುಬು, ಸೊಂಟದ ಎಲುಬು ಚೂಪಾಗಿ ಎದ್ದರೆ ಅದು ಜಾತಿಯಲ್ಲ, ಹಸಿವು!

ಮೊಲವಿಲ್ಲದೆಯೂ ಓಟ ಉಂಟು

ಹಾಗಾದರೆ ಓಡಿಸುವುದು ಯಾವುದರ ಹಿಂದೆ? ಯಜಮಾನರ ಮೊಮ್ಮಗ ತೋರಿಸಿದ. ಹಳೇ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದ್ದಾನೆ. ಹಿಂದಿನ ಗಾಲಿಯ ಟೈರು ತೆಗೆದು ರಿಮ್ಮಿಗೆ ಉದ್ದನೆ ದಾರ ಸುತ್ತಿದ್ದಾನೆ. ದಾರದ ಆಚೆ ತುದಿಗೆ ಬಿಳೀ ಬಟ್ಟೆಯ ಗಂಟು. ಮೊಮ್ಮಗಳು ಹೊಲದ ಆ ತುದಿಯಲ್ಲಿ ನಾಯಿ ಹಿಡಿದು ನಿಂತಳು. ಇವನು ಪೆಡಲು ತಿರುಗಿಸಿದ. ಗಂಟು ಜಿಗಿಯಿತು. ಹುಡುಗಿ ಕೈ ಬಿಟ್ಟಳು.

ಅಲ್ಲಿಯವರೆಗೆ ನಮ್ಮನ್ನು ಲೆಕ್ಕಕ್ಕಿಟ್ಟಿರದ ಆ ನಾಯಿ! ಒಂದು ಕಂದು ಗೆರೆ ಬಂದಂತೆ ಬಂತು. ಮಣ್ಣು ಚಿಮ್ಮಿದ್ದು ಕಂಡಿತು, ಕಾಲು ಕಾಣಲಿಲ್ಲ. ಗಂಟು ಕಚ್ಚಿ ಹಿಡಿದು ಎರಡು ಸಲ ಕೊಡವಿ, ಯಜಮಾನರ ಕಾಲ ಬಳಿ ತಂದು ಹಾಕಿತು. ಮುದುಕರ ಮುಖದಲ್ಲಿ ಇಪ್ಪತ್ತು ವರ್ಷ ಇಳಿದಿತ್ತು.

"ಅದಕ್ಕ ಮೊಲ ಬೇಕಾಗಿಲ್ರಿ. ಓಟ ಬೇಕು. ಮೊಲ ಬೇಕಾದದ್ದು ನಮಗ" ಎಂದರು.

ಈ ಮಾತಿಗೆ ನಾವು ಏನನ್ನೂ ಸೇರಿಸಬೇಕಿಲ್ಲ. ಒಂದೇ ಸೂಚನೆ: ಗಂಟಿನ ಬದಲು ಜೀವಂತ ಮೊಲ, ಕೋಳಿ ಕಟ್ಟಿದರೆ ಮತ್ತೆ ಕಾಯಿದೆಯ ಕೈಗೆ ಸಿಕ್ಕಿದಿರಿ. ಹಣ ಕಟ್ಟಿ ಪಂಥ ಹೂಡಿದರೆ ಅದು ಜೂಜು.

ಓಟವಷ್ಟೇ ಅಲ್ಲ, ಈ ನಾಯಿಗೆ ಹೊಸ ನೌಕರಿಗಳೂ ಸಿಕ್ಕಿವೆ. 2005ರಲ್ಲಿ ಅಂಚೆ ಇಲಾಖೆ ಮುಧೋಳದ ಚೀಟಿ ಹೊರಡಿಸಿತು. 2016ರಲ್ಲಿ ಸೈನ್ಯದವರು ಮರಿಗಳನ್ನು ತರಬೇತಿಗಾಗಿ ಮೀರತ್‌ಗೆ ಒಯ್ದರು. 2020ರಲ್ಲಿ ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ತಮಿಳುನಾಡಿನ ರಾಜಪಾಳಯಂ, ಚಿಪ್ಪಿಪಾರೈ ಜೊತೆಗೆ ಮುಧೋಳವನ್ನೂ ದೇಸೀ ತಳಿಯೆಂದು ನೋಂದಾಯಿಸಿತು. 2021ರಲ್ಲಿ ವಾಯುಪಡೆಯವರು ಆಗ್ರಾದ ವಿಮಾನ ನಿಲ್ದಾಣದಲ್ಲಿ ಹಕ್ಕಿ ಓಡಿಸಲು ಮರಿ ಪಡೆದರು. 2024ರ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಗಡಿ ಭದ್ರತಾ ಪಡೆಯ ‘ರಿಯಾ’ ಎಂಬ ಮುಧೋಳ ಹೆಣ್ಣುನಾಯಿ ವಿದೇಶಿ ಜಾತಿಯ ನಾಯಿಗಳನ್ನು ಹಿಂದಿಟ್ಟು ಬಹುಮಾನ ಗೆದ್ದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿಂದ ತಂದ ಮರಿಗೆ ತಂದೆ ತಾಯಿಯ ಲೆಕ್ಕ ಇರುತ್ತದೆ.

ಮುಧೋಳಕ್ಕೆ ಇಷ್ಟೆಲ್ಲಾ ಬಂತು. ಕರವಾನಿಯನ್ನು ತಲೆಮಾರುಗಟ್ಟಲೆ ಸಾಕಿದ ನಮ್ಮ ದೇವದುರ್ಗ, ಮಾನ್ವಿ ಹಳ್ಳಿಗಳಿಗೆ ಏನು ಬಂತು? ದೊಡ್ಡ ಬೇಡಿಕೆ ಏನಿಲ್ಲ. ವರ್ಷಕ್ಕೊಮ್ಮೆ ತಾಲೂಕು ದವಾಖಾನೆಯವರು ಬೇಟೆನಾಯಿಗಳನ್ನೆಲ್ಲಾ ಒಂದು ಕಡೆ ಕರೆಸಿ ಲಸಿಕೆ ಹಾಕಲಿ, ತಳಿ ಲೆಕ್ಕ ಬರೆದುಕೊಳ್ಳಲಿ. ಯುಗಾದಿಯ ದಿನ ಊರ ಹಿರಿಯರು ಬೇಟೆಯ ಬದಲು ಬಟ್ಟೆಗಂಟಿನ ಓಟ ಇಟ್ಟು, ಗೆದ್ದ ನಾಯಿಗೆ ಒಂದು ಪಟ್ಟಿ, ಸಾಕಿದವನಿಗೆ ಒಂದು ರುಮಾಲು ಕಟ್ಟಲಿ. ಹಬ್ಬವೂ ಉಳಿಯಿತು, ಮಾನವೂ ಉಳಿಯಿತು, ಮೊಲವೂ ಉಳಿಯಿತು. ಹುಡುಗರು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುವುದೂ ತಪ್ಪಿತು.

ಕೊನೆಗೊಂದು ಮಾತು

ಹೊರಡುವಾಗ ಕೇಳಿದೆವು: "ಯಜಮಾನ್ರೇ, ಆ ಬುಟ್ಟಿ ಹುಡುಗ ಏನಾದ?"

"ಇಲ್ಲೇ ಪಕ್ಕದ ಊರವ ರೀ. ಮರುದಿನ ಬಂದಿದ್ದ. ಮರಿ ಬೇಧಿ ಮಾಡ್ಕೋತಿತ್ತು. ದವಾಖಾನಿಗೆ ಕಳಿಸಿದೆ. ಎರಡು ದಿನ ಸಲೈನ್ ಹಾಕ್ಯಾರ. ಈಗ ಹಾಲು ನೆಕ್ಕಾಕತ್ಯದಂತ."

"ಅದು ಪ್ಯೂರ್ ಮುಧೋಳ ಹೌದೇ ಅಲ್ಲೇ?"

ಯಜಮಾನರು ರುಮಾಲು ಸರಿಮಾಡಿಕೊಂಡರು. "ಕ್ರಾಸ್ ರೀ. ಕಿವಿ ನೋಡಿದ ಕೂಡಲೇ ಗೊತ್ತಾತು. ಅವಗ ಹೇಳಿಲ್ಲ."

"ಯಾಕೆ?"

"ಹೇಳಿದ್ರ ಬೀದಿಗೆ ಬಿಡ್ತಾನಲ್ರಿ! ಮೊದ್ಲ ಜೀವ ಉಳೀಲಿ. ಮರೀ ಮ್ಯಾಲ ಮನಸ್ಸು ಕೂಡ್ಲಿ. ಆಮ್ಯಾಲ ಹೇಳಿದ್ರಾತು. ಒಂದು ನೋಟ್‌ಬುಕ್ ಮಾತ್ರ ಕೊಟ್ಟು ಕಳಿಸೀನಿ. ಮೊದಲ್ನೇ ಹಾಳ್ಯಾಗ ಬರಿ ಅಂದೆ: ತಾಯಿ ಗೊತ್ತಿಲ್ಲ, ತಂದಿ ಗೊತ್ತಿಲ್ಲ. ಇವತ್ತಿನಿಂದ ಲೆಕ್ಕ ಶುರು."

ಸಂಜೆ ಬಸ್ಸಿಗೆ ಕೈ ಮಾಡಿ ಹತ್ತಿದೆವು. ಹಿಂದೆ ತಿರುಗಿ ನೋಡಿದರೆ ಹೊಲದಲ್ಲಿ ಹುಡುಗ ಮತ್ತೆ ಪೆಡಲು ತಿರುಗಿಸುತ್ತಿದ್ದ.